ಚಿತ್ರಗಳಿಗೊಂದು ಮನೆ: ಕಟ್ಟುತ್ತಾ ಕಲಿತ ಪಾಠಗಳು

ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರ ಪೈಕಿ ಕಲಾಕೃತಿ ಕೊಳ್ಳುವವರು ಈಗ ಅಪರೂಪವಲ್ಲ. ಚಿತ್ರಸಂತೆಯಲ್ಲಿ ಮೊದಲ ಚಿತ್ರ ಕೊಂಡು, ಕ್ರಮೇಣ ಗ್ಯಾಲರಿಗಳ ಕಾಯಂ ಗಿರಾಕಿಯಾದವರಿದ್ದಾರೆ. ಅಜ್ಜನ ಮನೆ ಪಾಲಾದಾಗ ತಮ್ಮ ಭಾಗಕ್ಕೆ ಬಂದ ಮೈಸೂರು ಶೈಲಿಯ ಪಟವೊಂದನ್ನು ಹಳೇ ಸೀರೆಯಲ್ಲಿ ಸುತ್ತಿಟ್ಟುಕೊಂಡು, ಅದಕ್ಕೊಂದು ಯೋಗ್ಯ ಜಾಗ ಮಾಡಿಕೊಡಿ ಎಂದು ಬರುವವರೂ ಇದ್ದಾರೆ. ವಾಸ್ತುಶಿಲ್ಪಿಯಾಗಿ ನನ್ನ ಕೆಲಸದ ದೊಡ್ಡ ಪಾಲು ಇಂಥವರ ಜೊತೆಗೇ. ಎಲ್ಲರನ್ನೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇವನ್ನು ಬಂದವರಿಗೆ ತೋರಿಸಬೇಕೋ, ನೀವು ದಿನಾ ನೋಡಬೇಕೋ? ತೋರಿಸುವ ಮನೆ ಬೇರೆ, ನೋಡುವ ಮನೆ ಬೇರೆ; ಆ ವ್ಯತ್ಯಾಸ ನಕ್ಷೆಯ ಮೊದಲ ಗೆರೆಯಿಂದಲೇ ಶುರುವಾಗುತ್ತದೆ. ನಾನು ನೋಡುವ ಮನೆಯ ಪರ. ಮುಂದೆ ಬರೆದಿರುವುದೆಲ್ಲ ಆ ಪಕ್ಷಪಾತದಿಂದಲೇ ಬಂದದ್ದು.

1. ನಕ್ಷೆಗಿಂತ ಮೊದಲು ಪಟ್ಟಿ

ಎಷ್ಟು ಕೋಣೆ, ಎಷ್ಟು ಕಾರು, ಪೂಜಾಮನೆ ಯಾವ ದಿಕ್ಕಿಗೆ ಎಂಬುದನ್ನು ಎಲ್ಲರೂ ಬರೆದುಕೊಂಡೇ ಬರುತ್ತಾರೆ. ಕೃತಿಗಳ ಪಟ್ಟಿ ತರುವವರು ಕಡಿಮೆ. ನನಗೆ ಬೇಕಾದದ್ದು ಅದು. ಪ್ರತಿಯೊಂದರ ಎತ್ತರ, ಅಗಲ, ಚೌಕಟ್ಟಿನ ದಪ್ಪ, ತೂಕ; ಕ್ಯಾನ್ವಾಸೋ ಕಾಗದವೋ ಮರದ ಹಲಗೆಯೋ ಬಟ್ಟೆಯೋ; ಮುಂದೆ ಗಾಜಿದೆಯೋ ಇಲ್ಲವೋ. ಪಟ್ಟಿಯ ಕೊನೆಗೆ ಇನ್ನೊಂದು ಸಾಲು ಬರೆಸುತ್ತೇನೆ: ಮುಂದೆ ಎಂಥದ್ದನ್ನು ಕೊಳ್ಳುವ ಆಸೆ.

ಆ ಕೊನೆಯ ಸಾಲೇ ಮುಖ್ಯ. ಎರಡು ಕಿಟಕಿಗಳ ನಡುವೆ ಮೂರಡಿ ಗೋಡೆಯಷ್ಟೇ ಉಳಿಯುವ ಮನೆಯಲ್ಲಿ ವಾಸಿಸುವವರು ಮೂರಡಿ ಮೀರಿದ ಚಿತ್ರವನ್ನು ಕೊಳ್ಳುವುದಿಲ್ಲ. ಗ್ಯಾಲರಿಯಲ್ಲಿ ಮನಸ್ಸಿಗೆ ಹಿಡಿಸಿದ ದೊಡ್ಡ ಕ್ಯಾನ್ವಾಸಿನ ಮುಂದೆ ನಿಂತು, ಮನಸ್ಸಿನಲ್ಲೇ ಮನೆಯ ಗೋಡೆ ಅಳೆದು, ಹಿಂದಕ್ಕೆ ಬರುತ್ತಾರೆ. ಅಭಿರುಚಿ ಎಂದು ನಾವು ಕರೆಯುವುದರಲ್ಲಿ ಎಷ್ಟೋ ಭಾಗ ಇಂಜಿನಿಯರು ಬಿಟ್ಟುಕೊಟ್ಟ ಗೋಡೆಯ ಅಳತೆ. ಹಾಗಾಗಿ ಪ್ರತಿ ಮನೆಯಲ್ಲೂ ಹನ್ನೆರಡು ಅಡಿಗೆ ಕಡಿಮೆಯಿಲ್ಲದ, ಸ್ವಿಚ್ಚು, ಏಸಿ, ಟಿವಿ ಯಾವುದೂ ಇಲ್ಲದ ಒಂದು ಬರಿ ಗೋಡೆಗೆ ನಾನು ಜಗಳವಾಡಿಯಾದರೂ ಜಾಗ ಉಳಿಸುತ್ತೇನೆ.

ಅಳತೆಯ ವಿಷಯದಲ್ಲಿ ಎಂಥ ದೊಡ್ಡವರಿಗೂ ರಿಯಾಯಿತಿ ಇಲ್ಲ. ಅಮೆರಿಕದ ಸಂಗ್ರಹಕಾರ ಆಲ್ಬರ್ಟ್ ಬಾರ್ನ್ಸ್ ಫಿಲಡೆಲ್ಫಿಯಾ ಬಳಿಯ ಮೆರಿಯನ್‌ನಲ್ಲಿ ತನ್ನ ಸಂಗ್ರಹಕ್ಕೆಂದೇ ಕಟ್ಟಿಸಿದ ಕಟ್ಟಡ 1925ರದು. ವಾಸ್ತುಶಿಲ್ಪಿ ಪಾಲ್ ಕ್ರೆ. ಅದರ ದೊಡ್ಡ ಹಜಾರದ ಕಿಟಕಿಗಳ ಮೇಲಿನ ಮೂರು ಕಮಾನುಗಳಿಗೆ ‘ನೃತ್ಯ’ದ ಚಿತ್ರ ಮಾಡಿಕೊಡಲು ಚಿತ್ರಕಾರ ಮಾತಿಸ್ ಒಪ್ಪಿಕೊಂಡ. ಕೆಲಸ ಬಹಳ ಮುಂದುವರಿದ ಮೇಲೆ ಕಮಾನುಗಳ ಅಳತೆಯೇ ತಪ್ಪಾಗಿರುವುದು ಗೊತ್ತಾಯಿತು. ಅಷ್ಟನ್ನೂ ಪಕ್ಕಕ್ಕಿಟ್ಟು ಹೊಸದಾಗಿ ಆರಂಭಿಸಿ, 1933ರಲ್ಲಿ ಮೆರಿಯನ್‌ನ ಗೋಡೆಗೆ ಏರಿಸಿದ. ಅಳತೆ ತಪ್ಪಿದ್ದು ಈಗ ಪ್ಯಾರಿಸ್ಸಿನ ಮ್ಯೂಸಿಯಂ ಒಂದರಲ್ಲಿದೆ, ಜನ ಅದನ್ನೂ ಹುಡುಕಿಕೊಂಡು ಹೋಗಿ ನೋಡುತ್ತಾರೆ. ಅದು ಮಾತಿಸ್‌ನ ಭಾಗ್ಯ. ಉಳಿದವರು ಟೇಪು ಹಿಡಿದು ಎರಡು ಸಲ ಅಳೆಯುವುದೇ ಕ್ಷೇಮ.

2. ಉತ್ತರದ ಬೆಳಕನ್ನು ಕಣ್ಮುಚ್ಚಿ ನಂಬಬೇಡಿ

ಯುರೋಪಿನ ಪುಸ್ತಕಗಳನ್ನು ಓದಿ ಕಲಿತವರೆಲ್ಲ ಉತ್ತರದ ಕಿಟಕಿ ಚಿತ್ರಗಳಿಗೆ ನಿರಪಾಯ ಎನ್ನುತ್ತಾರೆ. ಲಂಡನ್ನಿಗೆ ಅದು ಬಹುಮಟ್ಟಿಗೆ ಸರಿ. ಬೆಂಗಳೂರು ಇರುವುದು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯನೇ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಬೆಳಗಿನ, ಸಂಜೆಯ ಓರೆ ಬಿಸಿಲಂತೂ ಇನ್ನೂ ಹೆಚ್ಚು ತಿಂಗಳು ಉತ್ತರದ ಕಿಟಕಿಯೊಳಗೆ ಇಣುಕುತ್ತದೆ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಕೋಣೆಯಲ್ಲಿ ಕೂತು, ಬಿಸಿಲಿನ ಪಟ್ಟಿ ಎಲ್ಲೆಲ್ಲಿ ಹರಿಯುತ್ತದೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ. ಆ ಗುರುತಿನೊಳಗೆ ಕಾಗದದ ಮೇಲಿನ ಯಾವ ಕೃತಿಯೂ ಬರಕೂಡದು.

ಲೆಕ್ಕ ಸರಳ. ಬಯಲಿನ ನಡುಹಗಲ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಜಲವರ್ಣ, ಮುದ್ರಣಚಿತ್ರ, ಹಳೆಯ ಛಾಯಾಚಿತ್ರ, ಜವಳಿ ಇವಕ್ಕೆ ಮ್ಯೂಸಿಯಂಗಳು ಇಟ್ಟುಕೊಂಡಿರುವ ಮಿತಿ 50 ಲಕ್ಸ್. ತೈಲಚಿತ್ರಕ್ಕೆ 150ರಿಂದ 200. ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ, ಕಳೆಯುವ ಮಾತೇ ಇಲ್ಲ. ಐವತ್ತು ಸಾವಿರ ಲಕ್ಸ್‌ನ ಎಳೆಬಿಸಿಲು ಒಂದೇ ಗಂಟೆ ಬಿದ್ದರೂ ಸಾಕು, 50 ಲಕ್ಸ್‌ನಲ್ಲಿ ದಿನಕ್ಕೆ ಎಂಟು ಗಂಟೆಯಂತೆ 125 ದಿನ ತೂಗುಹಾಕಿದಷ್ಟು ಬೆಳಕನ್ನು ಆ ಕಾಗದ ಕುಡಿದಿರುತ್ತದೆ. ಮಾಸಿದ ಬಣ್ಣವನ್ನು ಯಾವ ಸಂರಕ್ಷಕರೂ ಮರಳಿ ತರಲಾರರು.

ಹಾಗೆಂದು ಹಗಲ ಬೆಳಕನ್ನು ಪೂರ್ತಿ ಮುಚ್ಚಿಬಿಡುವುದೂ ನನಗೆ ಒಪ್ಪಿಗೆಯಿಲ್ಲ. ಹಗಲು ಬದಲಾದಂತೆ ಚಿತ್ರವೂ ಬದಲಾಗುವುದನ್ನು ನೋಡುವುದು ಮನೆಯಲ್ಲಿ ಚಿತ್ರ ಇಟ್ಟುಕೊಂಡವರ ಸುಖ. ಲೂಯಿ ಕಾನ್ ಟೆಕ್ಸಸ್‌ನ ಸುಡುಬಿಸಿಲಿನಲ್ಲಿ ಕಟ್ಟಿದ ಕಿಂಬೆಲ್ ಮ್ಯೂಸಿಯಂ (1972) ಈ ಕಷ್ಟವನ್ನು ಬಿಡಿಸಿದ ರೀತಿ ಇಂದಿಗೂ ಪಾಠ. ಕಾಂಕ್ರೀಟಿನ ಕಮಾನು ಚಾವಣಿಯ ನೆತ್ತಿಯಲ್ಲಿ ಉದ್ದಕ್ಕೆ ಕಿರಿದಾದ ಸೀಳು. ಅದರ ಕೆಳಗೆ ರೆಕ್ಕೆಯಂತೆ ಬಾಗಿದ ಅಲ್ಯೂಮಿನಿಯಂ ಹಾಳೆ. ಬಿಸಿಲು ಒಳಗೆ ಬಿದ್ದೊಡನೆ ಹಾಳೆಗೆ ತಾಗಿ ಮೇಲಕ್ಕೆ ಚಿಮ್ಮಿ, ಕಮಾನಿನ ಒಳಮೈಯನ್ನೆಲ್ಲ ಬೆಳಗಿಸಿ, ಆಮೇಲೆ ಕೆಳಗಿಳಿಯುತ್ತದೆ. ಬೂದು ಕಾಂಕ್ರೀಟು ಬೆಳ್ಳಿಯ ಬಣ್ಣ ತಾಳುತ್ತದೆ. ಈ ಉಪಾಯವನ್ನು ಮೆಟ್ಟಿಲ ಮೇಲಿನ ಸಣ್ಣ ಗವಾಕ್ಷಿಯಲ್ಲೂ ಮಾಡಬಹುದು: ಬಿಸಿಲು ನೇರ ಚಿತ್ರದ ಮೇಲೆ ಬೀಳದೆ ಮೊದಲು ಸುಣ್ಣದ ಗೋಡೆಗೆ ಬೀಳಲಿ.

ಮೈಸೂರು ಶೈಲಿಯ ಪಟಗಳ ಮಾತು ಬೇರೆ. ಅವುಗಳಲ್ಲಿ ಆಭರಣ, ಕಿರೀಟ, ಪ್ರಭಾವಳಿಗಳನ್ನು ಮಕ್ಕಿ ಸಫೇದದ ಲೇಪದಿಂದ ಕೂದಲೆಳೆಯಷ್ಟು ಉಬ್ಬಿಸಿ, ಮೇಲೆ ಚಿನ್ನದ ರೇಕು ಹಚ್ಚಿರುತ್ತಾರೆ. ತಂಜಾವೂರಿನದಕ್ಕಿಂತ ಈ ಉಬ್ಬು ಬಹಳ ತೆಳು. ಎದುರಿನಿಂದ ಪ್ರಖರ ದೀಪ ಬಿಟ್ಟರೆ ಉಬ್ಬು ಮಾಯವಾಗಿ ಚಿನ್ನ ಬರೀ ಹಳದಿ ತಗಡಾಗುತ್ತದೆ. ದೀಪವನ್ನು ಪಕ್ಕಕ್ಕೆ, ಕೊಂಚ ಕೆಳಕ್ಕೆ ತಂದು ಮಂದ ಮಾಡಿ. ಸರಸ್ವತಿಯ ಕೊರಳಿನ ಒಂದೊಂದು ಮಣಿಗೂ ಒಂದೊಂದು ನೆರಳು ಹುಟ್ಟುತ್ತದೆ. ಎಣ್ಣೆದೀಪದ ಮುಂದೆ ನೋಡಲೆಂದು ಮಾಡಿದ ಚಿತ್ರಕ್ಕೆ ಎಣ್ಣೆದೀಪದ ಎತ್ತರದ ಬೆಳಕೇ ಸಲ್ಲುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಎಸ್. ಎಲ್. ಹಲ್ದಣಕರ್ ಅವರ ದೀಪ ಹಿಡಿದ ಹೆಣ್ಣಿನ ಜಲವರ್ಣ ಚಿತ್ರಕ್ಕೆ ಕತ್ತಲು ಮಾಡಿದ ಜಾಗ ಕೊಟ್ಟಿದ್ದಾರಲ್ಲ, ಅದರ ಅರ್ಧ ಖ್ಯಾತಿ ಕಲಾವಿದರದ್ದು, ಇನ್ನರ್ಧ ಆ ಕತ್ತಲೆಯದ್ದು. ಅಲ್ಲಿ ಸಾಲು ನಿಂತ ಮಕ್ಕಳು ದೀಪ ನಿಜಕ್ಕೂ ಉರಿಯುತ್ತಿದೆ ಎಂದೇ ನಂಬುತ್ತಾರೆ.

3. ಮಳೆ ಹೊಡೆಯುವ ಗೋಡೆ

ಕರಾವಳಿ, ಮಲೆನಾಡು, ಕೊಡಗಿನ ಮನೆಗಳಲ್ಲಿ ಬೆಳಕಿಗಿಂತ ತೇವದ ಕಾಟ ದೊಡ್ಡದು. ಗಾಳಿಯ ಆರ್ದ್ರತೆ ಶೇಕಡಾ 65–70 ದಾಟಿ ದಿನಗಟ್ಟಲೆ ಅಲ್ಲೇ ನಿಂತರೆ ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಪಶ್ಚಿಮದ ಹೊರಗೋಡೆಗೂ ಬಚ್ಚಲುಮನೆಗೆ ಹೊಂದಿಕೊಂಡ ಗೋಡೆಗೂ ಏನನ್ನೂ ತೂಗುಹಾಕದಿರುವುದು ಮೊದಲ ನಿಯಮ. ಬೇರೆ ದಾರಿಯೇ ಇಲ್ಲದಿದ್ದರೆ ಹೊರಗೋಡೆಯಿಂದ ಒಂದಿಂಚು ಬಿಟ್ಟು ರೀಪುಗಳ ಮೇಲೆ ಹಲಗೆಯ ಒಳಗೋಡೆ ನಿಲ್ಲಿಸಿ, ಕೆಳಗೂ ಮೇಲೂ ಗಾಳಿಯಾಡಲು ಸಂದು ಬಿಡಿ. ಚೌಕಟ್ಟಿನ ಹಿಂದಿನ ಮೂಲೆಗಳಿಗೆ ಬಿರಡೆಯ ಚೂರು ಅಂಟಿಸಿದರೂ ಚಿತ್ರ ಗೋಡೆಗೆ ಮೈ ತಾಗಿಸದೆ ಉಸಿರಾಡುತ್ತದೆ. ಬೆಲೆ ಬಾಳುವ ಉಪಕರಣಗಳಿಗಿಂತ ಮೂರಡಿ ಮುಂದಕ್ಕೆ ಚಾಚಿದ ಸೂರು ಹೆಚ್ಚು ಕೆಲಸ ಮಾಡುತ್ತದೆ. ನಮ್ಮ ಹಳೇ ಚೌಕಿಮನೆ ಕಟ್ಟಿದವರಿಗೆ ಇದು ಗೊತ್ತಿತ್ತು.

ಏಸಿಯನ್ನು ಸಂಜೆ ಹಾಕಿ ರಾತ್ರಿ ಆರಿಸುವ ಅಭ್ಯಾಸ ಮರದ ಹಲಗೆಯ ಮೇಲಿನ ಪಟಗಳಿಗೆ ಕೆಟ್ಟದ್ದು. ಹಲಗೆ ದಿನಾ ಹಿಗ್ಗಿ ಕುಗ್ಗುತ್ತದೆ, ಮೇಲಿನ ಸುಣ್ಣದ ಲೇಪ ಅದರ ಜೊತೆ ಹಿಗ್ಗಲಾರದೆ ಬಿರುಕು ಬಿಟ್ಟು ಉದುರುತ್ತದೆ. ಏರಿಳಿತವಿಲ್ಲದ ಸೆಖೆಯೇ ವಾಸಿ.

4. ಎಲ್ಲವನ್ನೂ ಒಟ್ಟಿಗೆ ತೂಗುಹಾಕಬೇಡಿ

ಲಂಡನ್ನಿನ ಲಿಂಕನ್ಸ್ ಇನ್ ಫೀಲ್ಡ್ಸ್‌ನಲ್ಲಿ ಸರ್ ಜಾನ್ ಸೋನ್ ಅವರ ಮನೆ ಇದೆ. ಬ್ಯಾಂಕ್ ಆಫ್ ಇಂಗ್ಲೆಂಡಿನ ವಾಸ್ತುಶಿಲ್ಪಿಯಾಗಿದ್ದವರು. ಸ್ವತಃ ಕೊಳ್ಳುಬಾಕ ಸಂಗ್ರಹಕಾರರು. ಕಟ್ಟುವವನೂ ಕೂಡಿಡುವವನೂ ಒಬ್ಬನೇ ಆದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1824ರ ಅವರ ಚಿತ್ರಕೋಣೆ ನಮ್ಮ ಸಾಧಾರಣ ಮಲಗುವ ಕೋಣೆಯಷ್ಟು, ನಾಲ್ಕು ಮೀಟರಿನ ಆಸುಪಾಸು. ಅದರಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಿವೆ. ಗೋಡೆ ಎಂದು ಕಾಣುವುದು ಗೋಡೆಯಲ್ಲ, ತಿರುಗಣೆಯ ಮೇಲೆ ತೆರೆಯುವ ದೊಡ್ಡ ಹಲಗೆಗಳು. ಅಲ್ಲಿನ ಸಿಬ್ಬಂದಿ ಒಂದೊಂದಾಗಿ ತೆರೆದಂತೆ ಒಳಮೈಯಲ್ಲಿ ಚಿತ್ರಕಾರ ಹೋಗಾರ್ತ್‌ನ ಎಂಟು ಚಿತ್ರಗಳ ಸರಣಿ ಹೊರಬರುತ್ತದೆ, ಅದರ ಹಿಂದೆ ಇನ್ನೊಂದು ಪದರ. ದಕ್ಷಿಣದ ಕೊನೆಯ ಹಲಗೆ ತೆರೆದರೆ ಗೋಡೆಯೇ ಇಲ್ಲ: ಎದುರಿಗೊಂದು ಅಪ್ಸರೆಯ ಶಿಲ್ಪ, ಕೆಳಗೆ ಇನ್ನೊಂದು ಅಂತಸ್ತಿನ ಕೋಣೆ.

ಸೋನ್ ಇದನ್ನು ಮಾಡಿದ್ದು ಜಾಗದ ಅಭಾವದಿಂದ. ಆದರೆ ದಕ್ಕಿದ್ದು ಜಾಗಕ್ಕಿಂತ ದೊಡ್ಡದು. ಹೋಗಾರ್ತ್‌ನ ಕಥೆಯನ್ನು ನೋಡಬೇಕಾದರೆ ಯಾರೋ ಒಬ್ಬರು ಹಲಗೆ ತೆರೆಯಬೇಕು, ನೀವು ನಿಲ್ಲಬೇಕು, ಕಾಯಬೇಕು. ಕಣ್ಣು ತಾನಾಗಿಯೇ ನಿಧಾನಿಸುತ್ತದೆ.

ಮೈಸೂರು ಸೀಮೆಯ ಮನೆಗಳಿಗೆ ಇದು ಹೊಸದೇನಲ್ಲ. ಪಟ್ಟದ ಗೊಂಬೆಗಳನ್ನು ವರ್ಷವಿಡೀ ಪೆಟ್ಟಿಗೆಯಲ್ಲಿಟ್ಟು, ನವರಾತ್ರಿಯ ದಿನಗಳಲ್ಲಿ ಮಾತ್ರ ಹೊರತೆಗೆದು ಮೆಟ್ಟಿಲೇರಿಸುತ್ತೇವೆ. ಆ ಗೊಂಬೆಗಳು ಮಕ್ಕಳಿಗೆ ಪ್ರತಿ ವರ್ಷವೂ ಹೊಸದಾಗಿ ಕಾಣುವುದು ಅದಕ್ಕೇ. ಸಂಗ್ರಹಕಾರರಿಗೆ ನಾನು ಹೇಳುವುದೂ ಇಷ್ಟೇ: ಅರ್ಧ ಗೋಡೆಯ ಮೇಲಿರಲಿ, ಅರ್ಧ ಒಳಗಿರಲಿ, ಮಳೆಗಾಲಕ್ಕೊಮ್ಮೆ ಚಳಿಗಾಲಕ್ಕೊಮ್ಮೆ ಬದಲಾಗಲಿ. ಇದಕ್ಕಾಗಿ ಮನೆಯ ನಡುಭಾಗದಲ್ಲಿ, ನೆಲಮಾಳಿಗೆಯಲ್ಲೂ ತಾರಸಿಯ ಕೆಳಗೂ ಅಲ್ಲದ ಕಡೆ, ನಾಲ್ಕಡಿ ಅಗಲದ ಒಂದು ಉಗ್ರಾಣ ಬೇಕು. ಚಿತ್ರಗಳನ್ನು ನಿಲ್ಲಿಸಿಡುವ ಗೂಡುಗಳು, ನೆಲದಿಂದ ಅರ್ಧ ಅಡಿ ಮೇಲಕ್ಕೆ. ನಕ್ಷೆಯಿಂದ ಮೊದಲು ಹೊಡೆದುಹಾಕಲು ಮಾಲೀಕರು ಕೇಳುವುದೂ ಇದನ್ನೇ. ನಾನು ಬಿಟ್ಟುಕೊಡುವುದಿಲ್ಲ.

5. ಬಾಗಿಲು, ಲಿಫ್ಟು, ಭಾರ

ಇದೇ ಸೋನ್ 1824ರಲ್ಲಿ ಈಜಿಪ್ಟಿನ ದೊರೆ ಮೊದಲನೆಯ ಸೇಟಿಯ ಕಲ್ಲಿನ ಶವಪೆಟ್ಟಿಗೆಯನ್ನು 2,000 ಪೌಂಡಿಗೆ ಕೊಂಡಾಗ, ಅದನ್ನು ಒಳಗೆ ತರಲು ಮನೆಯ ಹಿಂಗೋಡೆಯನ್ನು ಒಡೆಯಬೇಕಾಯಿತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗೋಡೆ ಒಡೆಯಲು ಸಂಘದವರು ಬಿಡುವುದಿಲ್ಲ. ಹಾಗಾಗಿ ಲಿಫ್ಟಿನ ಒಳ ಎತ್ತರ, ಮೆಟ್ಟಿಲ ತಿರುವು, ಬಾಗಿಲ ಕರ್ಣ ಇವನ್ನು ಬರೆದು ಫೋನಿನಲ್ಲಿಟ್ಟುಕೊಂಡೇ ಗ್ಯಾಲರಿಗೆ ಹೋಗಿ.

ಕಲ್ಲು ಕೊಳ್ಳುವವರಿಗೆ ಇನ್ನೊಂದು ಲೆಕ್ಕ. ಗ್ರಾನೈಟು ಒಂದು ಘನ ಮೀಟರಿಗೆ ಎರಡೂಮುಕ್ಕಾಲು ಟನ್ನಿನ ಹತ್ತಿರ. ವಾಸದ ಮನೆಯ ನೆಲವನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ. ಆಳೆತ್ತರದ ಶಿಲ್ಪವನ್ನು ಹಜಾರದ ನಟ್ಟನಡುವೆ ಇಡುವ ಮೊದಲು ಕೆಳಗೆ ತೊಲೆ ಎಲ್ಲಿದೆ ಎಂದು ಸ್ಟ್ರಕ್ಚರಲ್ ಇಂಜಿನಿಯರನ್ನು ಕೇಳಿ.

ಶಿಲ್ಪ ಹಳೆಯದಾದರೆ ಅದಕ್ಕೂ ಮೊದಲು ಕಾಗದಪತ್ರ ಕೇಳಿ. ನೂರು ವರ್ಷ ದಾಟಿದ ಶಿಲ್ಪ, ಚಿತ್ರಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ನೋಂದಣಿ ಬೇಕು. ಎಲ್ಲಿಂದ ಬಂತೆಂದು ಮಾರುವವರು ಹೇಳಲಾರದ ವಿಗ್ರಹಕ್ಕೆ ನಾನು ಗೂಡು ಕಟ್ಟಿಕೊಡುವುದಿಲ್ಲ. ಅದು ಯಾವುದೋ ಊರಿನ ಗುಡಿಯಿಂದ ಎದ್ದು ಬಂದಿರುತ್ತದೆ.

6. ಕಂಬ ಕಿತ್ತು ತರುವವರಿಗೆ

ಹಳೇ ಮನೆಯ ಕೆತ್ತನೆಯ ಕಂಬ, ಬಾಗಿಲವಾಡ, ಮುಚ್ಚಿಗೆಯ ಹಲಗೆಗಳನ್ನು ತಂದು ಹೊಸ ವಿಲ್ಲಾದಲ್ಲಿ ನಿಲ್ಲಿಸಿ ಎನ್ನುವ ಬೇಡಿಕೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಈ ವಿಷಯದಲ್ಲಿ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಹಲಸಿನ ಕಂಬವೊಂದು ಸೂರನ್ನು ಹೊತ್ತು ನಿಂತಾಗ ಅದಕ್ಕೊಂದು ಅರ್ಥ. ಅದನ್ನು ಕಿತ್ತು ಸೋಫಾದ ಪಕ್ಕ ಏನೂ ಹೊರದೆ ನಿಲ್ಲಿಸಿದರೆ ಇತ್ತ ಮನೆಯೂ ಅಲ್ಲ, ಅತ್ತ ಶಿಲ್ಪವೂ ಅಲ್ಲ. ಇದಕ್ಕೆ ಗಿರಾಕಿ ಇರುವುದರಿಂದಲೇ ಇನ್ನೂ ಹತ್ತಿಪ್ಪತ್ತು ವರ್ಷ ಬಾಳಬಹುದಾದ ಮನೆಗಳನ್ನು ಕೆಡವುತ್ತಾರೆ.

ಮಣಿಪಾಲದ ವಿಜಯನಾಥ ಶೆಣೈ ಅವರ ದಾರಿ ಬೇರೆಯಿತ್ತು. ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದವರು. ಭೂಸುಧಾರಣೆಯ ನಂತರ ದಕ್ಷಿಣ ಕನ್ನಡ, ಉಡುಪಿಯ ಗುತ್ತಿನ ಮನೆ, ಚೌಕಿಮನೆಗಳಿಗೆ ಹುಟ್ಟುವಳಿ ತಪ್ಪಿ, ಕೂಡುಕುಟುಂಬಗಳು ಒಡೆದು, ಅಷ್ಟು ದೊಡ್ಡ ಮನೆಗಳನ್ನು ನಿಭಾಯಿಸಲಾಗದೆ ಮರದ ಬೆಲೆಗೆ ಮಾರುತ್ತಿದ್ದ ಕಾಲ. ಶೆಣೈ ಮೊದಲು ಅಂಥ ಮರಮುಟ್ಟುಗಳಿಂದ ತಮ್ಮ ಮನೆ ‘ಹಸ್ತಶಿಲ್ಪ’ವನ್ನು ಕಟ್ಟಿಕೊಂಡರು. ಆಮೇಲೆ ಬಿಡಿಭಾಗಗಳನ್ನು ಬಿಟ್ಟು ಇಡೀ ಮನೆಗಳನ್ನೇ ತರತೊಡಗಿದರು. ಕಿತ್ತ ಒಂದೊಂದು ತುಂಡಿಗೂ ಗುರುತು ಹಾಕಿ, ಲಾರಿಯಲ್ಲಿ ಸಾಗಿಸಿ, ಬಡಗಿಗಳ ಕೈಯಲ್ಲಿ ಅದೇ ಕ್ರಮದಲ್ಲಿ ಮತ್ತೆ ಎಬ್ಬಿಸಿದರು. ಮಿಯಾರಿನ ಮನೆ, ಹರ್ಕೂರಿನ ಮನೆ, ಮುಧೋಳ ಅರಮನೆಯ ದರ್ಬಾರು ಹಜಾರ, ಕುಕನೂರಿನ ಕಮಲ ಮಹಲ್ ಇವೆಲ್ಲ ಇಂದು ಮಣಿಪಾಲದ ಹೆರಿಟೇಜ್ ವಿಲೇಜ್‌ನಲ್ಲಿ ಸೂರು, ಅಂಗಳ, ಜಗಲಿ ಸಮೇತ ನಿಂತಿವೆ.

ಸಂಗ್ರಹ ಮತ್ತು ವಾಸ್ತು ಅಲ್ಲಿ ಒಂದೇ ಆಗಿವೆ. ಅಲ್ಲಿ ರವಿವರ್ಮನ ಮುದ್ರಿತ ಪಟಗಳನ್ನು ನೋಡುವಾಗ, ಅಂಥ ಪಟ ಯಾವ ಎತ್ತರದ ಗೋಡೆಯಲ್ಲಿ, ಯಾವ ಬೆಳಕಿನಲ್ಲಿ, ನೆಲದ ಮೇಲೆ ಚಾಪೆ ಹಾಸಿ ಕೂತವರ ಕಣ್ಣಿಗೆ ಕಾಣುತ್ತಿತ್ತು ಎಂಬುದೂ ತಿಳಿಯುತ್ತದೆ. ನೆಲದಲ್ಲಿ ಕೂರುವ ಮನೆಯ ಚಿತ್ರಗಳು ಕುರ್ಚಿಯ ಮನೆಗೆ ಬಂದರೆ ಎತ್ತರ ಬದಲಾಗಬೇಕು. ಚಿತ್ರದ ನಡುಮಧ್ಯ ನೆಲದಿಂದ ನಾಲ್ಕೂಮುಕ್ಕಾಲರಿಂದ ಐದು ಅಡಿ ಎಂಬ ಗ್ಯಾಲರಿಯ ಸೂತ್ರ ನಿಂತು ನೋಡುವವರದು. ಊಟದ ಕೋಣೆಯಲ್ಲಿ ನಾನು ಇನ್ನೂ ಒಂದಡಿ ಇಳಿಸುತ್ತೇನೆ.

7. ಕಟ್ಟಡ ಎಷ್ಟು ಮಾತಾಡಬೇಕು

ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಕಟ್ಟಡ ಮುಗಿಯುವ ಮೊದಲೇ, 1956ರಲ್ಲಿ, 21 ಕಲಾವಿದರು ಪ್ರತಿಭಟಿಸಿ ಪತ್ರ ಬರೆದರು: ಸುತ್ತಿ ಏರುವ ಇಳಿಜಾರು ನೆಲ, ಬಾಗಿದ ಗೋಡೆ, ಇಲ್ಲಿ ಚಿತ್ರ ತೂಗುಹಾಕುವುದು ಹೇಗೆ? ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಜಗ್ಗಲಿಲ್ಲ. ಕಟ್ಟಡವಾಗಿ ಅದು ಅದ್ಭುತ. ಸಮತಟ್ಟಾದ ಕ್ಯಾನ್ವಾಸಿಗೆ ಅದು ಇಂದಿಗೂ ಕಷ್ಟದ ಮನೆ ಎಂದೇ ನನ್ನ ಅಭಿಪ್ರಾಯ.

ಆದರೆ ಬಿಳಿ ಗೋಡೆಗಳ ಬರಿ ಡಬ್ಬಿಯೇ ಉತ್ತರ ಎನ್ನುವವರ ಜೊತೆಯೂ ನಾನಿಲ್ಲ. ಇಟಲಿಯ ವೆರೋನಾದಲ್ಲಿ ಕಾರ್ಲೊ ಸ್ಕಾರ್ಪಾ ಹಳೆಯ ಕೋಟೆ ಕಾಸ್ತೆಲ್ವೆಕ್ಕಿಯೊದಲ್ಲಿನ ಮ್ಯೂಸಿಯಂ ಅನ್ನು ಮರುರೂಪಿಸಿದರು, 1964ರಲ್ಲಿ ಅದು ಮತ್ತೆ ತೆರೆಯಿತು. ಹದಿನಾಲ್ಕನೇ ಶತಮಾನದ ಆಳರಸ ಕಾನ್‌ಗ್ರಾಂದೆಯ ಅಶ್ವಾರೂಢ ಶಿಲ್ಪವನ್ನು ಅವರು ಕೋಣೆಯೊಳಗೆ ಇಡಲಿಲ್ಲ. ಕೋಟೆಯ ಎರಡು ಭಾಗಗಳು ಕೂಡುವಲ್ಲಿ ನಂತರದ ಕಾಲದ ಕಟ್ಟಡದ ಒಂದು ತುಂಡನ್ನು ಕೆಡವಿ, ಆ ತೆರಪಿನಲ್ಲಿ ಕಾಂಕ್ರೀಟಿನ ಚಾಚುಪೀಠದ ಮೇಲೆ, ಚಾವಣಿಯ ನೆರಳಿನಲ್ಲಿ ನಿಲ್ಲಿಸಿದರು. ಅಂಗಳದಿಂದ ತಲೆಯೆತ್ತಿದರೆ ಅದೇ ಕುದುರೆ, ಮೇಲಿನ ಸೇತುವೆ ದಾಟುವಾಗ ಅದೇ ಕುದುರೆ, ಇನ್ನೊಂದು ಮಗ್ಗುಲಿಗೆ ಬಂದರೆ ನಗುವ ಸವಾರನ ಮುಖ ಕೈಗೆಟಕುವಷ್ಟು ಹತ್ತಿರ. ಒಂದು ಕೃತಿಗಾಗಿ ಇಡೀ ಕಟ್ಟಡದ ನಡೆಯನ್ನೇ ತಿದ್ದಿದ ಕೆಲಸ ಅದು. ಮಾಲೀಕರಿಗೆ ತುಂಬ ಇಷ್ಟದ ಕೃತಿ ಒಂದಿದ್ದರೆ ನಾನೂ ಮನೆಯ ನಡೆದಾಟವನ್ನು ಅದರ ಸುತ್ತ ಹೆಣೆಯುತ್ತೇನೆ: ಬೆಳಿಗ್ಗೆ ಕಾಫಿಗೆ ಬರುವಾಗ ದೂರದಿಂದ, ಮೆಟ್ಟಿಲು ಹತ್ತುವಾಗ ಹತ್ತಿರದಿಂದ, ಬೇರೆ ಬೇರೆ ಕೋನದಲ್ಲಿ ಎದುರಾಗಲಿ ಎಂದು.

8. ನಿಮ್ಮ ನಂತರ

ನಿಮ್ಮ ನಂತರ ಈ ಸಂಗ್ರಹ ಏನಾಗಬೇಕು? ಯಾರೂ ಕೇಳಲು ಇಷ್ಟಪಡದ ಪ್ರಶ್ನೆ ಇದು. ನಕ್ಷೆ ಮಾಡುವಾಗಲೇ ಕೇಳಬೇಕು. ಸೋನ್ ತಮ್ಮ ಮನೆ ಹಾಗೆಯೇ ಉಳಿಯಲೆಂದು 1833ರಲ್ಲಿ ಪಾರ್ಲಿಮೆಂಟಿನಿಂದ ಕಾಯ್ದೆಯನ್ನೇ ಮಾಡಿಸಿದರು, ಉಳಿದಿದೆ. ಬಾರ್ನ್ಸ್ ಕೂಡ ಚಿತ್ರಗಳನ್ನು ಕದಲಿಸಕೂಡದೆಂದು ಕರಾರು ಬರೆದಿಟ್ಟಿದ್ದ. ಆದರೆ ವಿಷಯ ಕೋರ್ಟಿನ ಮೆಟ್ಟಿಲೇರಿ, 2012ರಲ್ಲಿ ಸಂಗ್ರಹ ಫಿಲಡೆಲ್ಫಿಯಾ ನಗರದೊಳಗಿನ ಹೊಸ ಕಟ್ಟಡಕ್ಕೆ ಹೋಯಿತು. ಹಳೆಯ ಕೋಣೆಗಳ ಅಳತೆ, ಚಿತ್ರಗಳ ಜೋಡಣೆ ಎಲ್ಲವನ್ನೂ ಹಾಗೆಯೇ ಮತ್ತೆ ಮಾಡಿದ್ದಾರೆ. ಕಿಟಕಿಯಾಚೆಯ ತೋಟ ಮಾತ್ರ ಮೆರಿಯನ್‌ನಲ್ಲೇ ಉಳಿಯಿತು, ನನಗೆ ಅದು ಸಣ್ಣ ನಷ್ಟವಾಗಿ ಕಾಣುವುದಿಲ್ಲ.

ನಮ್ಮಲ್ಲಿ ಬೇರೆ ದಾರಿಗಳೂ ಇವೆ. ಹೋಮಿ ಭಾಭಾ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹಣದಲ್ಲಿ ಒಂದು ಪಾಲನ್ನು ಚಿತ್ರಗಳಿಗೆಂದು ತೆಗೆದಿಟ್ಟು, ವಿಜ್ಞಾನಿಗಳು ಓಡಾಡುವ ಪಡಸಾಲೆಗಳಲ್ಲೇ ತೂಗುಹಾಕಿಸಿದರು. ಪ್ರವೇಶದ ಹಜಾರದಲ್ಲಿರುವ ಎಂ. ಎಫ್. ಹುಸೇನರ ಭಿತ್ತಿಚಿತ್ರ 45 ಅಡಿ ಉದ್ದ. ಕೇಜ್ರಿವಾಲ್ ಕುಟುಂಬದ ಕಲಾಸಂಗ್ರಹ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಬಂತು. ಅಭಿಷೇಕ್ ಪೊದ್ದಾರ್ ತಮ್ಮ ಸಂಗ್ರಹವನ್ನು ಬುನಾದಿಯಾಗಿಟ್ಟು ಸ್ಥಾಪಿಸಿದ ‘ಮ್ಯಾಪ್’ ಮ್ಯೂಸಿಯಂ 2023ರಲ್ಲಿ ಕಸ್ತೂರ್ಬಾ ರಸ್ತೆಯಲ್ಲಿ ಬಾಗಿಲು ತೆರೆಯಿತು. ಮ್ಯಾಥ್ಯೂ ಅಂಡ್ ಘೋಷ್ ಅವರ ಆ ಕಟ್ಟಡದ ಉಕ್ಕಿನ ಹೊರಮೈ ಹಳೇ ನೀರಿನ ಟ್ಯಾಂಕನ್ನು ನೆನಪಿಸುತ್ತದೆ.

ಎಲ್ಲರೂ ಮ್ಯೂಸಿಯಂ ಕಟ್ಟಲಾರರು. ಆದರೆ ಒಂದು ಕೋಣೆಯನ್ನು ಕಟ್ಟಬಹುದು. ಈಗ ನಾನು ಸಂಗ್ರಹಕಾರರಿಗೆ ಕೊಡುವ ನಕ್ಷೆಗಳಲ್ಲಿ ನೆಲಮಹಡಿಯ ಮುಂಗೋಣೆಗೆ ಬೀದಿಯ ಕಡೆಯಿಂದಲೇ ಪ್ರತ್ಯೇಕ ಬಾಗಿಲು ಇರುತ್ತದೆ, ಗಾಲಿಕುರ್ಚಿ ಬರುವಂಥ ಇಳಿಜಾರು, ಪಕ್ಕದಲ್ಲೊಂದು ಶೌಚಾಲಯ, ನಡುವೆ ಬೆನ್ನಿಲ್ಲದ ಒಂದು ಬೆಂಚು. ಮನೆಯವರ ಖಾಸಗಿತನ ಕೆಡದಂತೆ ಆ ಕೋಣೆಯನ್ನು ಒಳಗಿನಿಂದ ಬೀಗ ಹಾಕಿ ಬೇರ್ಪಡಿಸಬಹುದು. ಇದು ಬೇಡ, ಇನ್ನೊಂದು ಕಾರಿಗೆ ಜಾಗ ಮಾಡಿ ಎನ್ನುವವರಿದ್ದಾರೆ. ಒಪ್ಪಿದವರೂ ಇದ್ದಾರೆ, ಅಂಥ ಮನೆಗಳಿಗೆ ಭಾನುವಾರ ಬೆಳಿಗ್ಗೆ ಕಲಾಶಾಲೆಯ ವಿದ್ಯಾರ್ಥಿಗಳು ಸ್ಕೆಚ್ ಪುಸ್ತಕ ಹಿಡಿದು ಬರುತ್ತಾರೆ, ಮಾಲೀಕರು ಅವರ ಪಕ್ಕದಲ್ಲೇ ಕೂತು ತಮ್ಮದೇ ಚಿತ್ರದಲ್ಲಿ ತಾವು ಗಮನಿಸದಿದ್ದುದನ್ನು ಕೇಳಿ ತಿಳಿದುಕೊಳ್ಳುತ್ತಾರೆ.